ನಲವತ್ತೊಂದನೆಯ ಪುಟದ ಕೈ

ಸವದತ್ತಿ
ಮಂಗಳವಾರ, 11 ಫೆಬ್ರವರಿ 2025

ಪ್ರೀತಿಯ ರಂಜನಾ,

"ಪ್ರೀತಿಯ" ಎಂದು ಬರೆದ ಮೇಲೆ ಹೊಡೆದು ಹಾಕಬೇಕೆನ್ನಿಸಿತು. ಹದಿಮೂರು ವರ್ಷದ ರೂಢಿ, ಕೈ ತಾನೇ ಬರೆದುಬಿಟ್ಟಿತು. ಇರಲಿ ಬಿಡು. ಆದರೆ ಈ ಪತ್ರದಲ್ಲಿ ಮುಂದೆ ಪ್ರೀತಿಯ ಮಾತು ಹೆಚ್ಚು ಸಿಗುವುದಿಲ್ಲ, ಅದಕ್ಕೆ ಕೂತುಕೊಂಡೇ ಓದು. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಸಿಟ್ಟು ಬಂದರೆ ಮಾತಿಗಿಂತ ಮೊದಲು ಅಳು ಬರುತ್ತದೆ, ನೀನು "ಅಳಬ್ಯಾಡ ಪ್ರಜ್ಞಾ" ಎನ್ನುತ್ತೀ, ಅಲ್ಲಿಗೆ ನೀನೇ ದೊಡ್ಡವಳಾಗಿಬಿಡುತ್ತೀ. ಈ ಸಲ ಆ ಅವಕಾಶ ಕೊಡುವುದಿಲ್ಲ.

ನಿನ್ನೆ ಮಧ್ಯಾಹ್ನ ನಿನ್ನ ತಮ್ಮ ಕಲ್ಮೇಶ ಬೈಕಿನ ಮೇಲೆ ನಮ್ಮ ಶಾಲೆಗೆ ಬಂದಿದ್ದ. ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದೆ, ಬಾಗಿಲಲ್ಲಿ ನಿಂತು ಕಾದ. ಕೈಯಲ್ಲಿ ಪುಸ್ತಕ ಬಿಡುಗಡೆಯ ಆಮಂತ್ರಣದ ಕಾರ್ಡು, ಅದರ ಕೆಳಗೆ ನಿನ್ನ ಪುಸ್ತಕ. "ಅಕ್ಕಾರ, ಐತವಾರ ಕಿತ್ತೂರಿಗೆ ನೀವು ಬರಾಕ ಬೇಕ್ರಿ. ಅಕ್ಕ ಬಾಳ ಹೇಳ್ಯಾಳ. ಕಾರ್ಡಿನ್ಯಾಗ ನಿಮ್ಮ ಹೆಸರೂ ಹಾಕಸ್ಯಾಳ್ರಿ" ಎಂದ. ಹುಡುಗನ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ ನಾನು ನಗಲೇಬೇಕಾಯಿತು. ಕಾರ್ಡು ನೋಡಿದೆ. "ಕೃತಿ ಪರಿಚಯ: ಶ್ರೀಮತಿ ಪ್ರಜ್ಞಾ, ಶಿಕ್ಷಕಿಯರು, ಸವದತ್ತಿ." ಮದುವೆಯಾಗದವಳನ್ನು ಶ್ರೀಮತಿ ಮಾಡಿದ್ದೀ. ಅದಕ್ಕೂ ನಕ್ಕೆ. ಆಗ ಇನ್ನೂ ಪುಸ್ತಕ ತೆರೆದಿರಲಿಲ್ಲ.

ಸಂಜೆ ಮನೆಗೆ ತಂದು ಮೇಜಿನ ಮೇಲಿಟ್ಟೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು ಬಂದಳು. ಅವಳಿಗೆ ಓದಲು ಬರುವುದಿಲ್ಲ, ನಿನಗೆ ಗೊತ್ತು. ಪುಸ್ತಕ ಎಂದರೆ ಮೊದಲು ಚಿತ್ರ ಹುಡುಕುತ್ತಾಳೆ. ನಲವತ್ತೊಂದನೆಯ ಪುಟಕ್ಕೆ ಬಂದು ನಿಂತಳು. ನಾವು ಮಾತು ದಾಖಲಿಸಿಕೊಂಡ ನತಾಲಿನಾ ಅಜ್ಜಿ ತನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ ಫೋಟೊ. ಮುಂದೆ ಒಣಮೀನಿನ ಬುಟ್ಟಿ. ಬುಟ್ಟಿಯ ಆಚೆ ಅಂಚಿನಲ್ಲಿ, ಎಲ್ಲಿಂದಲೋ ಬಂದಂತೆ, ಹಸಿರು ಬಳೆಯ ಒಂದು ಕೈ. ಮಣಿಕಟ್ಟಿನವರೆಗೆ ಮಾತ್ರ. "ಇಲ್ಲಿ ನೋಡ ಮಗಳ, ಇದು ನನ್ನ ಕೈ ಐತಿ! ಈ ಹಂಚಿನ ಸುಟ್ಟ ಕಲಿ ನೋಡು. ನನ್ನ ಕೈ ಪುಸ್ತಕದಾಗ ಬಂದೈತಿ!" ಎಂದಳು. ಅವ್ವ ಸಂತೋಷಪಟ್ಟಳು, ರಂಜನಾ. ಅದನ್ನು ನಾನು ನಿನಗೆ ಹೇಗೆ ತಿಳಿಸಲಿ? ಈಗ ಬಳೆಯಿಲ್ಲದ ಆ ಕೈಯನ್ನು ಫೋಟೊದ ಪಕ್ಕಕ್ಕೆ ಇಟ್ಟು ನೋಡಿದಳು, ಪಕ್ಕದ ಮನೆಯ ಮುದಕವ್ವನನ್ನು ಕರೆದು ತೋರಿಸಿದಳು.

ಆ ಫೋಟೊ ತೆಗೆದವಳು ನಾನು. ಅದರಲ್ಲಿ ಇಬ್ಬರು ಹೆಂಗಸರಿದ್ದರು. ಇಬ್ಬರೂ ಮೀನು ಆರಿಸುತ್ತ ಏನೋ ಹೇಳಿಕೊಂಡು ನಗುತ್ತಿದ್ದರು. ನೀನು ಒಬ್ಬಳನ್ನು ಕತ್ತರಿಸಿ ತೆಗೆದೆ, ಕೈ ಮಾತ್ರ ಉಳಿಯಿತು. ಅಷ್ಟು ಸರಿಯಾಗಿ ಕತ್ತರಿಸಲೂ ನಿನಗೆ ಬರಲಿಲ್ಲ.

ಆಮೇಲೆ ಮುನ್ನುಡಿ ಓದಿದೆ. "ನೂರಾ ಹತ್ತು ಗಂಟೆಗಳ ಧ್ವನಿಮುದ್ರಣ ಮಾಡಲಾಯಿತು." "ವಾಕ್ಯಗಳನ್ನು ಸಂಗ್ರಹಿಸಲಾಯಿತು, ವಿಂಗಡಿಸಲಾಯಿತು." ಯಾರು ಮಾಡಿದರು? ದೆವ್ವ ಬಂದು ಮಾಡಿತೇ? ಎರಡು ಚಳಿಗಾಲ ಅಜ್ಜಿಯ ಆ ಮರಾಠಿ ಕರಾವಳಿಯ ಊರಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ರೆಕಾರ್ಡರ್ ಹಿಡಿದವರು ನಾವಿಬ್ಬರು. ಅದರಲ್ಲಿ ಎಪ್ಪತ್ತು ಗಂಟೆ ನಾನೊಬ್ಬಳೇ. ಪುಸ್ತಕದ ತುಂಬ ಹುಡುಕಿದೆ, ನನ್ನ ಹೆಸರು ಎಲ್ಲೂ ಇಲ್ಲ. ಪುಸ್ತಕದಲ್ಲಿ ಇಲ್ಲದವಳು ಕಾರ್ಡಿನಲ್ಲಿದ್ದೇನೆ, ಹೊಗಳುವುದಕ್ಕೆ. ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಮುನ್ನುಡಿಯ ಮುಂದಿನ ಸಾಲು ಓದಿದೆ ನೋಡು: "ಕ್ಷೇತ್ರಕಾರ್ಯದ ಅವಧಿಯಲ್ಲಿ ಅಡುಗೆಗಾಗಿ ಹೆಂಗಸೊಬ್ಬಳನ್ನು ಇಟ್ಟುಕೊಳ್ಳಲಾಗಿತ್ತು."

ಹೆಂಗಸೊಬ್ಬಳು. ಇಟ್ಟುಕೊಳ್ಳಲಾಗಿತ್ತು. ನನ್ನ ಮೈ ಉರಿದುಹೋಯಿತು. ಆ ಹೆಂಗಸಿನ ಹೆಸರು ಕೆಂಪವ್ವ, ಊರು ಹೂಲಿ, ನನ್ನನ್ನು ಹೆತ್ತವಳು. ನಲವತ್ತು ದಿನ ಅವಳ ಕೈಯ ರೊಟ್ಟಿ ತಿಂದವಳು ನೀನು. ನಿನಗೆ ಜ್ವರ ಬಂದಾಗ ರಾಗಿ ಅಂಬಲಿ ಕಾಸಿ, ನಿನ್ನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ ಕೂತವಳು ಅವಳು.

ನಿನ್ನ ಮೇಲಿನ ಸಿಟ್ಟು ಇಷ್ಟು ದೊಡ್ಡದಾಗಲು ಒಂದು ಕಾರಣ ಇದೆ. ನೀನು ಹೀಗಿರಲಿಲ್ಲ. ಎಂ.ಎ. ಮೊದಲ ವರ್ಷ, ತೊರಗಲ್ ಕೋಟೆಯ ಕೆಳಗೆ ಕುರುಬರ ಮಾತು ದಾಖಲಿಸಲು ಹೋಗಿ, ನಾಯಿಗೆ ಹೆದರಿ ರೆಕಾರ್ಡರ್ ಬಿಸಾಕಿ ಓಡಿದ್ದೆಯಲ್ಲ, ಆ ರಂಜನಾ ನನ್ನ ಗೆಳತಿ. ಅದೇ ವಾರ ನೀನು ನನ್ನನ್ನು ನಿಮ್ಮ ಸಂಗೊಳ್ಳಿಯ ಮನೆಗೆ ಕರೆದುಕೊಂಡು ಹೋದೆ. ನಿಮ್ಮವ್ವ ಎಲ್ಲರಿಗೂ ಕಪ್ಪುಬಸಿಯಲ್ಲಿ ಚಹಾ ಕೊಟ್ಟು ನನಗೆ ಮಾತ್ರ ಕಾಗದದ ಲೋಟ ಕೊಟ್ಟಾಗ, ನೀನು ನನ್ನ ಲೋಟ ಕಸಿದುಕೊಂಡು ಅರ್ಧ ಕುಡಿದು, ಉಳಿದರ್ಧ ನನಗೆ ಕೊಟ್ಟೆ. ನಿಮ್ಮವ್ವ ಕರೆವ್ವ ಕಾಕಿ ನಿಂತು ನೋಡಿದರು. ಮುಂದಿನ ಸಲ ಹೋದಾಗ ನನಗೂ ಕಪ್ಪುಬಸಿಯಲ್ಲೇ ಚಹಾ ಬಂತು. ಆ ಒಂದು ಗುಟುಕಿನ ಮೇಲೆ ನಾನು ಹದಿಮೂರು ವರ್ಷ ನಿನ್ನನ್ನು ನಂಬಿದ್ದೇನೆ. ನಿನಗೆ ಅದು ನೆನಪಿದೆಯೋ ಇಲ್ಲವೋ.

ಈಗ ಪುಸ್ತಕದ ಒಳಗಿನ ವಿಷಯಕ್ಕೆ ಬರುತ್ತೇನೆ. ನನ್ನ ಹೆಸರು ಬಿಟ್ಟಿದ್ದಕ್ಕಿಂತ ದೊಡ್ಡ ಕಳ್ಳತನ ಅಲ್ಲಿದೆ. ನೀನು ಅದನ್ನು ಮರೆತಂತೆ ನಟಿಸಬಾರದೆಂದು ಮೊದಲಿನಿಂದ ಬರೆಯುತ್ತೇನೆ.

ಆ ಊರಿನವರ ಮಾತು ಪೋರ್ಚುಗೀಸ್ ಸಿಪಾಯಿಗಳ ಮಾತೂ ಅಲ್ಲಿನ ಹೆಣ್ಣುಮಕ್ಕಳ ಮರಾಠಿಯೂ ಸೇರಿ ಹುಟ್ಟಿದ್ದು. ಕ್ರಿಯೋಲ್ ಎಂದು ನಾವು ಕರೆಯುವ ಅಂಥ ಭಾಷೆಗಳು ಹುಟ್ಟುವಾಗ ಮೈಮೇಲೆ ಒಡವೆ ಕಡಿಮೆ. ಯಾರು ಏನು ಮಾಡಿದರು ಎಂದು ನೇರವಾಗಿ ಹೇಳುತ್ತವೆ. ಮಾಡಿದವನನ್ನು ಬಿಟ್ಟು ಆದದ್ದನ್ನು ಮಾತ್ರ ಹೇಳುವ ಕರ್ಮಣಿ ಪ್ರಯೋಗ ಅವಕ್ಕೆ ತಡವಾಗಿ ಬರುತ್ತದೆ, ಎಲ್ಲಿಂದಲೋ ಬರುತ್ತದೆ. ಆ ಊರಿನ ಭಾಷೆಗೆ ಅದು ಯಾವಾಗ, ಹೇಗೆ ಬಂತು? ನಮ್ಮಿಬ್ಬರ ಸಂಶೋಧನೆಯ ಪ್ರಶ್ನೆ ಅಷ್ಟೇ ಇತ್ತು. ಶಾಲೆ ಕಲಿತ ಹುಡುಗರು ಮರಾಠಿಯ ಹಾಗೆ "ಹೋಗು" ಸೇರಿಸಿ ಹೇಳುತ್ತಿದ್ದರು. ಕನ್ನಡಕ್ಕೆ ತಂದರೆ "ಬಲೆ ಹೆಣೆದು ಹೋಯಿತು", "ದೋಣಿ ಕಟ್ಟಿ ಹೋಯಿತು" ಎಂದ ಹಾಗೆ. ಅದು ಹೊಸದು, ಶಾಲೆಯಿಂದ ಬಂದದ್ದು ಎಂದುಕೊಂಡಿದ್ದೆವು. ಆದರೆ ಎಂಬತ್ತೆರಡು ವರ್ಷದ, ಶಾಲೆಯ ಮೆಟ್ಟಿಲನ್ನೇ ಹತ್ತದ ನತಾಲಿನಾ ಅಜ್ಜಿಯ ಬಾಯಲ್ಲೂ ಅಂಥವು ಮೂವತ್ತೇಳು ವಾಕ್ಯ ಸಿಕ್ಕವು. ನಾವು ಕುಣಿದಾಡಿದೆವು. ಹಾಗಾದರೆ ಇದು ಹಳೆಯದು, ಐನೂರು ವರ್ಷದ ಹಿಂದೆ ಭಾಷೆ ಹುಟ್ಟಿದಾಗಲೇ ಚರ್ಚಿನ ಪ್ರಾರ್ಥನೆಗಳಿಂದ ಬಂದದ್ದು ಎಂದು ನಮ್ಮ ಗೈಡ್ ಸರ್ ಫೋನಿನಲ್ಲೇ ತೀರ್ಪು ಕೊಟ್ಟರು.

ಎರಡನೆಯ ಚಳಿಗಾಲ ಅವ್ವ ನಮ್ಮ ಜೊತೆ ಬಂದಳು. ಸಮುದ್ರ ನೋಡಬೇಕೆಂಬ ಆಸೆ ಅವಳಿಗೆ, ರೊಟ್ಟಿಯ ಆಸೆ ನಮಗೆ. ಕಬ್ಬು ಕಡಿಯಲು ಕೊಲ್ಹಾಪುರದ ಕಡೆ ಹೋಗಿ ಕಲಿತ ಒರಟು ಮರಾಠಿ ಅವಳಿಗಿತ್ತು, ಅಜ್ಜಿಗೆ ಮೀನು ಮಾರುವ ಮರಾಠಿ ಇತ್ತು. ಇಬ್ಬರೂ ದಿನವೆಲ್ಲ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನಾವಿಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತಲೆ ತಗ್ಗಿಸಿ, ಬರೆದುಕೊಳ್ಳುತ್ತಿದ್ದೆವು. ಅಜ್ಜಿಯ ಮುಖ ನೋಡಿದವಳು ಅವ್ವ ಒಬ್ಬಳೇ.

ಒಂದು ಮಧ್ಯಾಹ್ನ ನಾನು ಮೂವತ್ತೆಂಟನೆಯ ವಾಕ್ಯ ಸಿಕ್ಕಿತೆಂದು ಕೂಗಿದಾಗ ಅವ್ವ ನನ್ನನ್ನು ಒಳಗೆ ಕರೆದು ಗದರಿದಳು. "ಯಾಕ ಆ ಮುದುಕೀನ ಕಾಡ್ತೀರಿ? ಆಕಿ ಗಂಡನ ಸುದ್ದಿ ಬಂದಾಗಷ್ಟ ಹಂಗ ಮಾತಾಡ್ತಾಳ. ಸೆರಗ ಸರಿ ಮಾಡ್ಕೋತಾಳ, ಬಾಗಲಾ ಕಡೆ ನೋಡ್ತಾಳ, ಆಮ್ಯಾಲ ಬಲಿ ಹೆಣದ ಹೋತು ಅಂತಾಳ. ಸತ್ತ ಗಂಡನ ಹೆಸರ ಹೆಂಗ ತಗೋಬೇಕ? ನಾ ನಿಮ್ಮಪ್ಪನ ಹೆಸರ ಎಂದರ ತಗೊಂಡೇನೇನ? ಇಷ್ಟ ಸಾಲಿ ಕಲತೀರಿ, ಇದು ತಿಳೀಲಿಲ್ಲ?" ನೀನು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದೆ. ನೀನೂ ಕೇಳಿಸಿಕೊಂಡೆ.

ನನಗೆ ನಾಚಿಕೆಯಾಯಿತು. ಪಂಚಾಯಿತಿಯಲ್ಲಿ ಗಂಡನ ಹೆಸರು ಕೇಳಿದರೆ ಅವ್ವ ನನ್ನ ಬೆನ್ನಿಗೆ ತಿವಿಯುತ್ತಿದ್ದಳು, ಐದು ವರ್ಷದ ನಾನು "ದುರ್ಗಪ್ಪ" ಎಂದು ಕೂಗಿ ಹೇಳುತ್ತಿದ್ದೆ. ನಿಮ್ಮವ್ವನೂ ಲಕ್ಕಪ್ಪ ಕಾಕಾನ ಹೆಸರು ಎಂದೂ ಎತ್ತಿದವರಲ್ಲ. ಇಂಥ ಮನೆಗಳಲ್ಲಿ ಬೆಳೆದ ನಾವಿಬ್ಬರೂ ಒಂದು ವಿಧವೆಯ ಸಂಕೋಚವನ್ನು ಐನೂರು ವರ್ಷದ ವ್ಯಾಕರಣ ಎಂದು ಬರೆದುಕೊಂಡಿದ್ದೆವು.

ಮರುದಿನದಿಂದ ಪರೀಕ್ಷಿಸಿದೆವು, ನೆನಪಿದೆಯಾ? ನೆರೆಮನೆಯವನು ಹೆಣೆದ ಬಲೆ ತೋರಿಸಿದರೆ ಅಜ್ಜಿ ಅವನ ಹೆಸರು ಹಿಡಿದು ನೇರವಾಗಿ ಹೇಳಿದಳು. ಅಣ್ಣ ಕಟ್ಟಿದ ಗೋಡೆಗೂ ಹೆಸರು ಹೇಳಿದಳು. ಗಂಡನ ದೋಣಿಗೆ ಬಂದಾಗ ಮಾತ್ರ ದೋಣಿ "ಕಟ್ಟಿ ಹೋಯಿತು". ಅವಳ ವಾರಿಗೆಯ ಇನ್ನೂ ನಾಲ್ಕು ಹೆಂಗಸರನ್ನು ಕೇಳಿದೆವು, ಹಾಗೆಯೇ. ಆ ವಯಸ್ಸಿನ ಗಂಡಸರು ಒಬ್ಬರೂ ಹಾಗೆ ಹೇಳುವುದಿಲ್ಲ. ಅಂದರೆ ಅದು ಚರ್ಚಿನಿಂದ ಬಂದದ್ದಲ್ಲ. ಮೀನು ಮಾರಲು ಮರಾಠಿ ಸಂತೆಗೆ ಹೋಗುತ್ತಿದ್ದ ಹೆಂಗಸರು, ಗಂಡನ ಹೆಸರಿನ ಜಾಗ ಮುಚ್ಚಲು ಬೇಕೆಂದು ಅಲ್ಲಿಂದ ತಂದದ್ದು. ತಾಯಂದಿರಿಂದ ಮಕ್ಕಳಿಗೆ ಹೋಯಿತು, ಮಕ್ಕಳು ಶಾಲೆಗೆ ಹೋಗಿ ಎಲ್ಲದಕ್ಕೂ ಹಚ್ಚಿದರು. ನೂರು ವರ್ಷದ ಕಥೆ ಅದು. ಏಳನೆಯ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ಬರೆದೆ. ತಲೆಬರಹದ ಕೆಳಗೆ "ಕೆಂಪವ್ವ ಹೇಳಿದ್ದು" ಎಂದು ಬರೆದೆ.

ಆ ಹನ್ನೊಂದು ಪುಟ ಎಲ್ಲಿ ರಂಜನಾ? ನಿನ್ನ ಪುಸ್ತಕದ ನೂರಾ ಹನ್ನೆರಡನೆಯ ಪುಟದಲ್ಲಿ ಮೂವತ್ತೆಂಟು ವಾಕ್ಯಗಳ ಪಟ್ಟಿ ಇದೆ. ಬಲೆ, ದೋಣಿ, ಮನೆಯ ಕದ, ಮಗಳ ತೊಟ್ಟಿಲು, ಎಲ್ಲವೂ ಆ ಮನುಷ್ಯ ತನ್ನ ಕೈಯಾರೆ ಮಾಡಿದ್ದು. ಒಂದರ ಕೆಳಗೊಂದು ಓದಿದರೆ ಒಬ್ಬ ಗಂಡನ ಇಡೀ ಬಾಳುವೆ ಕಾಣುತ್ತದೆ. ಅದರ ಕೆಳಗೆ ನಿನ್ನ ಷರಾ: "ಕರ್ಮಣಿ ಪ್ರಯೋಗವು ಈ ಭಾಷೆಯ ಹುಟ್ಟಿನಿಂದಲೇ ಇತ್ತೆಂಬುದು ಇದರಿಂದ ಸಿದ್ಧವಾಗುತ್ತದೆ." ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಬರೆದ ಸುಳ್ಳು. ಗೈಡ್ ಸರ್ ತೀರ್ಪನ್ನು ಎದುರಿಸಿದರೆ ಡಿಗ್ರಿ ತಡವಾಗುತ್ತಿತ್ತು, ಬೈಲಹೊಂಗಲದ ಕಾಲೇಜಿನ ಕೆಲಸ ಕೈಬಿಡುತ್ತಿತ್ತು, ಅಷ್ಟೇ ತಾನೇ? ಅಜ್ಜಿ ತೀರಿಕೊಂಡು ಮೂರು ವರ್ಷವಾಯಿತು. ನಾನು ಮಾತಾಡುವುದಿಲ್ಲ ಎಂದು ನೀನು ಅಂದುಕೊಂಡೆ. ಅವ್ವನಿಗಂತೂ ಓದಲು ಬರುವುದಿಲ್ಲ.

ನೋಟ್‌ಬುಕ್ಕುಗಳನ್ನು ನಿನಗೆ ಕೊಟ್ಟವಳು ನಾನೇ, ಒಪ್ಪುತ್ತೇನೆ. ಅಪ್ಪ ಕಟ್ಟಡದ ಸಾರುವೆಯಿಂದ ಬಿದ್ದು ತೀರಿಕೊಂಡ ವರ್ಷ ನನಗೆ ಪಿಎಚ್.ಡಿ. ಮುಂದುವರಿಸುವ ಮನಸ್ಸೂ ಇರಲಿಲ್ಲ, ದಾರಿಯೂ ಇರಲಿಲ್ಲ. ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಕೊಟ್ಟು "ನೀನಾದರೂ ಮುಗಿಸು" ಎಂದೆ. ಮುಗಿಸು ಎಂದೆ, ಮುಚ್ಚಿಹಾಕು ಎನ್ನಲಿಲ್ಲ. ಎಂಟು ವರ್ಷ ಸುಮ್ಮನಿದ್ದದ್ದು ನನ್ನ ತಪ್ಪೂ ಹೌದು. ನೀನು ಸರಿಯಾಗಿಯೇ ಬರೆಯುತ್ತೀ ಎಂದುಕೊಂಡು ಮಕ್ಕಳಿಗೆ ಪಾಠ ಹೇಳುತ್ತ ಕೂತೆ. ಹೊಟ್ಟೆಕಿಚ್ಚು ಇರಲಿಲ್ಲವೇ ಎಂದು ಕೇಳಿದರೆ, ಇತ್ತು. ಈಗಲೂ ಇದೆ. ಅದಕ್ಕೂ ಈ ಸಿಟ್ಟಿಗೂ ಸಂಬಂಧವಿಲ್ಲ ಎಂದು ಆಣೆ ಮಾಡಲಾರೆ.

ಭಾನುವಾರ ನಾನು ಕಿತ್ತೂರಿಗೆ ಬರುತ್ತೇನೆ. ಕಾರ್ಡಿನಲ್ಲಿ ಹೆಸರು ಹಾಕಿಸಿದ್ದೀಯಲ್ಲ, ವೇದಿಕೆ ಏರುತ್ತೇನೆ. ಕೃತಿಯ ಪರಿಚಯವನ್ನೇ ಮಾಡುತ್ತೇನೆ. ಮೂವತ್ತೆಂಟು ವಾಕ್ಯ ಓದುತ್ತೇನೆ, ಅವನ್ನು ಆ ಅಜ್ಜಿ ಏಕೆ ಹಾಗೆ ಹೇಳಿದಳೆಂದು ಹೇಳುತ್ತೇನೆ, ಅದನ್ನು ಕಂಡುಹಿಡಿದವಳು ಯಾರೆಂದು ಹೇಳುತ್ತೇನೆ. ನಿನಗೆ ಐದು ದಿನ ಇದೆ. ನನಗಿಂತ ಮೊದಲು ನೀನೇ ಮೈಕು ಹಿಡಿದು ಹೇಳಿದರೆ ನಾನು ಕೆಳಗೆ ಕೂತು ಚಪ್ಪಾಳೆ ಹೊಡೆಯುತ್ತೇನೆ. ಹೇಳದಿದ್ದರೆ ನಾನು ಹೇಳುವಾಗ ನೀನು ಕೂತು ಕೇಳಬೇಕು. ಕಾರ್ಯಕ್ರಮ ಮುಂದೂಡಿ ತಪ್ಪಿಸಿಕೊಳ್ಳಬೇಡ. ಮುಂದೂಡಿದರೆ ಬೈಲಹೊಂಗಲಕ್ಕೇ ಬರುತ್ತೇನೆ, ನಿನ್ನ ಕಾಲೇಜಿಗೇ ಬರುತ್ತೇನೆ.

ಏಳನೆಯ ನೋಟ್‌ಬುಕ್ಕು ನಿನ್ನ ಬಳಿ ಇದ್ದರೆ ತೆಗೆದುಕೊಂಡು ಬಾ. ಹರಿದು ಹಾಕಿದ್ದರೆ ಅದನ್ನೂ ಬಾಯಿಬಿಟ್ಟು ಹೇಳು.

ಕಾಗದದ ಲೋಟದ ಅರ್ಧ ಚಹಾ ಕುಡಿದಿದ್ದ,
ಪ್ರಜ್ಞಾ

ತಾ.ಕ.: ಮೇಲಿನದನ್ನು ಬರೆದು ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದಿದ್ದೇನೆ. ಒಂದು ಮಾತು ಮುಚ್ಚಿಟ್ಟಿದ್ದೇನೆ. ನಿನಗದು ಗೊತ್ತು, ಆದರೂ ನಾನೇ ಬರೆಯಬೇಕು.

"ಅಡುಗೆಗಾಗಿ ಹೆಂಗಸೊಬ್ಬಳನ್ನು ಇಟ್ಟುಕೊಳ್ಳಲಾಗಿತ್ತು." ಆ ಸಾಲು ನೀನು ಬರೆದದ್ದಲ್ಲ. ನಾನು ಬರೆದದ್ದು. ಗೈಡ್ ಸರ್ ಆ ಊರಿಗೆ ನಮ್ಮ ಕೆಲಸ ನೋಡಲು ಬಂದ ದಿನ ಅವ್ವ ಒಲೆಯ ಮುಂದೆ ಕೂತಿದ್ದಳು, ಸೀರೆಗೆ ಮಸಿ ಹತ್ತಿತ್ತು. ಇವರು ಯಾರು ಎಂದು ಸರ್ ಕೇಳಿದರು. ನಾನು "ಅಡುಗೆಗೆ ಬಂದವರು ಸರ್" ಎಂದೆ. ನೀನು ಥಟ್ಟನೆ ನನ್ನ ಮುಖ ನೋಡಿದೆ. ಅವ್ವ ಆ ದಿನವೆಲ್ಲ ಅಡುಗೆಗೆ ಬಂದವಳ ಹಾಗೆಯೇ ಇದ್ದಳು. ಬಡಿಸಿದಳು, ತಾಟು ತೊಳೆದಳು, ಎಲ್ಲರದಾದ ಮೇಲೆ ಬಾಗಿಲ ಬಳಿ ಕೂತು ಉಂಡಳು, ನನ್ನನ್ನು ಒಮ್ಮೆಯೂ ಮಗಳ ಎಂದು ಕರೆಯಲಿಲ್ಲ. ಸರ್ ಹೋದ ಮೇಲೆ ನಾನು ಅತ್ತೆ. ಅವಳೇ ಸಮಾಧಾನ ಮಾಡಿದಳು: "ಹೋಗ್ಲಿ ಬಿಡು. ಅಡಗಿ ನಾನ ಮಾಡೇನಿ, ಸುಳ್ಳೇನ ಹೇಳಿದ್ದಿ?" ಒಮ್ಮೆ ಹೇಳಿದ್ದಕ್ಕೆ ತಾಳೆಯಾಗಬೇಕಲ್ಲ, ಕ್ಷೇತ್ರಕಾರ್ಯದ ವರದಿಯಲ್ಲೂ ಹಾಗೆಯೇ ಬರೆದೆ. ನೀನು ನನ್ನ ಮಾನ ಕಾಯಲೆಂದು ಅದನ್ನು ಹಾಗೇ ಉಳಿಸಿದೆಯೋ, ಸುಮ್ಮನೆ ನಕಲು ಮಾಡಿದೆಯೋ, ಫೋಟೊದಿಂದ ಅವಳನ್ನು ಕತ್ತರಿಸಿದ್ದೂ ಅದಕ್ಕೆಯೋ, ನನಗೆ ತಿಳಿಯದು. ಏಳನೆಯ ನೋಟ್‌ಬುಕ್ಕಿಗೆ ಮಾತ್ರ ಆ ನೆಪ ಹೇಳಬೇಡ.

ಇಂದು ಬೆಳಿಗ್ಗೆ ಅವ್ವನನ್ನು ಭಾನುವಾರ ಕಿತ್ತೂರಿಗೆ ಬಾ ಎಂದು ಕರೆದೆ. ಖುಷಿಯಿಂದ ಒಪ್ಪಿ, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹರವಿದಳು. ಆಮೇಲೆ ಒಂದು ಮಾತು ಕೇಳಿದಳು. ಚುಚ್ಚಿ ಕೇಳಲಿಲ್ಲ, ಸಂತೆಗೆ ಏನು ತರಲಿ ಎಂದು ಕೇಳುವ ಹಾಗೆ ಕೇಳಿದಳು. "ಅಲ್ಲಿ ಯಾರರ ಕೇಳಿದರ ನಾ ಯಾರಂತ ಹೇಳ್ಲಿ?"

ನಾನು ಈ ಪತ್ರ ಬರೆಯಲು ಕೂತದ್ದು ನಿನ್ನ ಪುಸ್ತಕ ಓದಿದ ಮೇಲಲ್ಲ ರಂಜನಾ, ಆ ಮಾತು ಕೇಳಿದ ಮೇಲೆ. ಭಾನುವಾರ ವೇದಿಕೆಯ ಮೇಲೆ ಮೊದಲು ಅವಳ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನಿನ್ನ ಸುಳ್ಳಿನ ಸರದಿ ಅದರ ನಂತರ.